ಮಂಕಿ ಕ್ಯಾಪು ತೊಟ್ಟು ಕೋವಿ ಕೊಳ್ಳಲು ಹೋದದ್ದು

ನನ್ನ ಉದ್ಯೋಗವೇ ಗುಟ್ಟು ಕಾಯುವುದು. ಬರ್ಮಿಂಗ್‌ಹ್ಯಾಮಿನ ಒಂದು ಕಂಪನಿಯಲ್ಲಿ ಗ್ರಾಹಕರ ಹೆಸರು, ವಿಳಾಸ, ಫೋಟೋ ಯಾವುದೂ ಹೊರಗೆ ಸೋರದಂತೆ ನೋಡಿಕೊಳ್ಳುವ ಅಧಿಕಾರಿ ನಾನು. ಇಂಥ ನಾನು ಹೆಂಡತಿಗೆ ಗೊತ್ತಾಗದ ಹಾಗೆ ಒಂದು ಕೋವಿ ತರಲಾರೆನೆ? ನೀರು ಕುಡಿದಷ್ಟು ಸುಲಭ ಎಂದುಕೊಂಡೆ!

ಕೋವಿ ಎಂದೊಡನೆ ಗಾಬರಿಯಾಗಬೇಡಿ. ನಾನು ಮೈಸೂರಿನವನು, ಜಿರಲೆ ಎದುರಾದರೂ ದಾರಿ ಬಿಟ್ಟುಕೊಡುವವನು. ಹೆಂಡತಿ ದೇಚಮ್ಮ ಕೊಡಗಿನವಳು. ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ನನಗೆ ಅವಳು ದೇಚು. ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ದಿನ ಅವರ ಮನೆಗಳಲ್ಲಿ ಕೋವಿಯನ್ನು ದೇವರ ಮುಂದಿಟ್ಟು ಪೂಜಿಸುತ್ತಾರೆ. ಅಪ್ಪನ ಕೋವಿಯ ನಳಿಗೆಗೆ ಹೂ ಸಿಕ್ಕಿಸುವುದು ಚಿಕ್ಕಂದಿನಲ್ಲಿ ಇವಳ ಹಕ್ಕಾಗಿತ್ತಂತೆ. ಇಲ್ಲಿನ ಹಾರ್ಬೋರ್ನ್ ಬಡಾವಣೆಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ಪೂಜೆ ನಡೆಯುತ್ತಿರುವುದು ಈರುಳ್ಳಿ ಹೆಚ್ಚುವ ಚಾಕುವಿಗೆ!

ಕಳೆದ ವರ್ಷ ಅವಳು ಚಾಕುವಿನ ಪಕ್ಕ ಹೂವಿಟ್ಟು, "ಇದಕ್ಕೆ ಹೂ ಸಿಕ್ಕಿಸಕ್ಕೂ ಜಾಗ ಇಲ್ಲ ಕಣ್ರೀ" ಎಂದು ನಕ್ಕಳು. ಆ ನಗು ಅರ್ಧಕ್ಕೇ ನಿಂತುಹೋಯಿತು. ಮುಂದಿನ ಹಬ್ಬಕ್ಕೆ ಇವಳ ಕೈಗೆ ಒಂದು ಕೋವಿ ಕೊಡಲೇಬೇಕು, ಅದೂ ಗುಟ್ಟಾಗಿ ತಂದು ಕೊಡಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಇಲ್ಲಿ ಸಾಧಾರಣ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಆದರೆ ಖುದ್ದಾಗಿ ಅಂಗಡಿಗೆ ಹೋಗಿ ಅವರ ಪುಸ್ತಕದಲ್ಲಿ ಹೆಸರು, ವಿಳಾಸ ಬರೆಸಬೇಕು. ಹಾರ್ಬೋರ್ನ್‌ನಲ್ಲಿ ದೇಚುವಿನ ಆಸ್ಪತ್ರೆಯವರು ಹೆಜ್ಜೆಗೊಬ್ಬರು ಸಿಗುತ್ತಾರಾದ್ದರಿಂದ ಎರಡು ಬಸ್ಸು ಬದಲಿಸಿ ಊರಾಚೆಯ ಅಂಗಡಿಗೆ ಹೋದೆ. ಬಾಗಿಲಲ್ಲೇ ಒಂದು ಬೋರ್ಡು: 'ಇಲ್ಲಿ ನಡೆಯುವ ಪ್ರತಿಯೊಂದು ಮಾರಾಟವೂ ಕ್ಯಾಮೆರಾದಲ್ಲಿ ದಾಖಲಾಗುತ್ತದೆ.'

ನನ್ನೊಳಗಿನ ಅಧಿಕಾರಿ ಎದ್ದು ಕುಳಿತ. ಕೊಳ್ಳುವವನ ಮುಖ ಅವನ ಸ್ವಂತ ಸ್ವತ್ತಲ್ಲವೆ? ಅಮ್ಮನ ಆಜ್ಞೆಯಂತೆ ವರ್ಷವಿಡೀ ನನ್ನ ಬ್ಯಾಗಿನಲ್ಲಿ ಬಿದ್ದಿರುವ ಮಂಕಿ ಕ್ಯಾಪು ಕೊನೆಗೂ ಕೆಲಸಕ್ಕೆ ಬಂತು. ತೊಟ್ಟುಕೊಂಡೆ. ಮೇಲೆ ಕಪ್ಪು ಕನ್ನಡಕ ಏರಿಸಿದೆ. ಆಗ ಆಗಸ್ಟ್ ತಿಂಗಳ ಕೊನೆ. ಹೊರಗೆ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುತ್ತಿದ್ದರು!

ಅಂಗಡಿಯ ಮುದುಕ ರೈಫಲನ್ನು ಮೇಜಿನ ಮೇಲಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಗುರಿ ಅಭ್ಯಾಸಕ್ಕಾ, ಇಲಿ ಕಾಟಕ್ಕಾ?"

"ಎರಡಕ್ಕೂ ಅಲ್ಲ. ಪೂಜೆಗೆ."

"ಏನಕ್ಕೆ?"

"ಕುಂಕುಮ ಹಚ್ಚಿ, ಹೂವಿಟ್ಟು, ಕೈಮುಗಿಯೋದಕ್ಕೆ."

ಮುದುಕ ರೈಫಲನ್ನು ಮೆಲ್ಲಗೆ ಎಳೆದುಕೊಂಡು ಎದೆಗವಚಿಕೊಂಡ.

"ಹೆಸರು?"

"ಆ ಕ್ಯಾಮೆರಾ ಆರಿಸಿದ್ರೆ ಹೇಳ್ತೀನಿ."

"ಅಮೆರಿಕದಲ್ಲಿ ಕೆಲವು ಕಡೆ ರೆಕಾರ್ಡ್ ಮಾಡಲೇಬೇಕು ಅಂತ ಕಾನೂನೇ ಇದೆಯಂತೆ. ನನಗೆ ಯಾರೂ ಹೇಳಿಲ್ಲ. ನಿಮ್ಮಂಥವರು ಬರ್ತಾರೆ ಅಂತ ನಾನೇ ಹಾಕಿಸಿದೀನಿ. ಟೋಪಿ ತೆಗೀತೀರಾ?"

ತೆಗೆಯಲಿಲ್ಲ. ಬದಲಿಗೆ ಖಾಸಗಿತನದ ಮಹತ್ವದ ಮೇಲೆ ಹತ್ತು ನಿಮಿಷ ಉಪನ್ಯಾಸ ಬಿಗಿದೆ. ಬೆವರು ಕನ್ನಡಕದೊಳಕ್ಕೆ ಇಳಿಯುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಮುದುಕ, "ನಿಮಗೆ ಮಾರಲ್ಲ, ಹೊರಡಿ" ಎಂದು ಬಾಗಿಲು ತೆರೆದು ಹಿಡಿದ. ಪಾಪ, ಮರ್ಯಾದಸ್ಥ.

ಕೋವಿಯಂತೂ ಹೋಯಿತು, ಗುಟ್ಟನ್ನಾದರೂ ಉಳಿಸಿಕೊಳ್ಳೋಣ ಎಂದು ಮನೆಗೆ ಬಂದು ಕಾನೂನಿನ ಪ್ರಕಾರ ಅಂಗಡಿಗೆ ಪತ್ರ ಬರೆದೆ. 'ತಮ್ಮ ಕ್ಯಾಮೆರಾದಲ್ಲಿರುವ ನನ್ನ ಚಿತ್ರಣದ ಒಂದು ಪ್ರತಿಯನ್ನು ನನಗೆ ಒದಗಿಸತಕ್ಕದ್ದು, ತರುವಾಯ ತಮ್ಮಲ್ಲಿರುವುದನ್ನು ಅಳಿಸತಕ್ಕದ್ದು.' ಟೋಪಿಯವನು ನಾನೇ ಎಂದು ರುಜುವಾತಾಗಬೇಕಲ್ಲ, ಅದಕ್ಕೆ ಹೆಸರು, ವಿಳಾಸ, ಪಾಸ್‌ಪೋರ್ಟಿನ ಪ್ರತಿ ಎಲ್ಲವನ್ನೂ ಲಗತ್ತಿಸಿದೆ. ಅಂಗಡಿಯಲ್ಲಿ ಬಚ್ಚಿಟ್ಟಿದ್ದನ್ನೆಲ್ಲ ಅಂಚೆಯಲ್ಲಿ ಕಳಿಸಿದ್ದೆ! ಕೊನೆಗೆ ಈಮೇಲ್ ವಿಳಾಸ. ಮದುವೆಯಾದ ಹೊಸದರಲ್ಲಿ ಅಕ್ಕರೆಯಿಂದ ಇಬ್ಬರ ಹೆಸರನ್ನೂ ಸೇರಿಸಿ ಮಾಡಿದ ಒಂದು ಈಮೇಲ್ ನಮಗಿದೆ. ಮನೆ ಕಂದಾಯಕ್ಕೂ ಅದೇ, ಬಡಾವಣೆಯ ಡಾಕ್ಟರಿಗೂ ಅದೇ. ಕೈ ತಂತಾನೇ ಅದನ್ನೇ ಬರೆಯಿತು. ಗುಟ್ಟು ಕಾಯುವ ಅಧಿಕಾರಿಯ ಕೈ!

ಹಬ್ಬದ ದಿನ ಬೆಳಿಗ್ಗೆ ಹೂ ತರಲು ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದೆ. ಕಿತ್ತಳೆ ಬಣ್ಣದ ಲಿಲ್ಲಿ ಹಿಡಿದು, ಈ ವರ್ಷವೂ ಚಾಕುವೇ ಗತಿ ಎಂದು ಪೆಚ್ಚು ಮೋರೆಯಲ್ಲಿ ಮನೆಗೆ ಬಂದರೆ ಒಳಗೆ ನಗುವೋ ನಗು. ಪಕ್ಕದ ಬಡಾವಣೆ ಸೆಲ್ಲಿ ಓಕಿನಿಂದ ಊಟಕ್ಕೆ ಬಂದಿದ್ದ ದೇಚುವಿನ ಚಿಕ್ಕಪ್ಪನ ಮಗ ಬೋಪಣ್ಣ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದ. ಟಿವಿಯಲ್ಲಿ ಮಂಕಿ ಕ್ಯಾಪು ತೊಟ್ಟ ಒಂದು ಪ್ರಾಣಿ ಕೈ ಬೀಸಿ ಬೀಸಿ ಭಾಷಣ ಮಾಡುತ್ತಿತ್ತು.

"ಅಂಗಡಿಯವರು ಮೇಲ್ ಮಾಡಿದಾರೆ" ಎಂದಳು ದೇಚು. "ಕೋವಿ ತರಕ್ಕೆ ಹೋಗಿದ್ರಾ? ನೀವಾ?"

"ಸಿಗಲಿಲ್ಲ ಕಣೇ..."

"ನನಗೋಸ್ಕರ?"

ತಲೆಯಾಡಿಸಿದೆ. ಅವಳ ಕಣ್ಣು ತುಂಬಿ ಬಂತು. ಮರುಕ್ಷಣವೇ ಟಿವಿಯ ಕಡೆ ನೋಡಿ ಮತ್ತೆ ನಕ್ಕುಬಿಟ್ಟಳು. ನನಗೆ ನಾಚಿಕೆಯೂ ಆಯಿತು, ಎಲ್ಲಿಲ್ಲದ ಸಂತೋಷವೂ ಆಯಿತು.

ಮುದುಕ ಕೋವಿಯನ್ನು ಅವಚಿಕೊಂಡು ನಿಂತ ಜಾಗದಲ್ಲಿ ದೇಚು ಚಿತ್ರವನ್ನು ನಿಲ್ಲಿಸಿದಳು. ದೀಪ ಹಚ್ಚಿದಳು. ಟಿವಿಗೆ ಕುಂಕುಮವಿಟ್ಟಳು. ಒಂದು ಲಿಲ್ಲಿಯನ್ನು ಟೇಪಿನಿಂದ ಸರಿಯಾಗಿ ನಳಿಗೆಯ ತುದಿಗೇ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಸರಿಯಾಯ್ತು" ಎಂದು ಕಣ್ಣೊರೆಸಿಕೊಂಡಳು. ಆರತಿಯ ಹೊತ್ತಿಗೆ ಟೇಪು ಸಡಿಲಾಗಿ ಹೂ ಜಾರಿ ಬಂದು ಟಿವಿಯೊಳಗಿನ ನನ್ನ ಮಂಕಿ ಕ್ಯಾಪಿನ ಮೇಲೆ ಕುಳಿತಿತು. ಯಾರೂ ಅದನ್ನು ಸರಿಸಲಿಲ್ಲ. ಎಲ್ಲರೂ ಭಕ್ತಿಯಿಂದ ಕೈಮುಗಿದರು, ನಾನೂ ಮುಗಿದೆ.

"ತಡೀರಿ ಭಾವ" ಎಂದು ಬೋಪಣ್ಣ ಅದರ ಫೋಟೋ ತೆಗೆದು, ಈ ದೇಶದಲ್ಲಿರುವ ಕೊಡವರೆಲ್ಲರ ವಾಟ್ಸಾಪ್ ಗುಂಪಿಗೆ ಹಾಕಿದ. ಆ ಟೋಪಿ, ಆ ಕನ್ನಡಕದಲ್ಲಿ ನನ್ನ ಗುರುತು ಒಬ್ಬರಿಗೂ ಸಿಗುವಂತಿರಲಿಲ್ಲ. ಅದಕ್ಕೇ ಅವನು ಕೆಳಗೆ ನನ್ನ ಹೆಸರು ಬರೆದಿದ್ದ, ಪೋಸ್ಟ್‌ಕೋಡ್ ಸಮೇತ!