ಅಲಿ ಬ್ಯಾರಿಯ ಕಾರು ಬಂದ ಮೇಲೆ

ಪೇಪರ್ ಓದಿ ಹೇಳುವಾಗ ಒಂದು ಸುದ್ದಿಯನ್ನು ಹಾರಿಸಿಬಿಟ್ಟರೆ ಅದು ಸುಳ್ಳು ಹೇಳಿದ ಲೆಕ್ಕವೇ ಎಂಬುದು ಆ ಬೆಳಿಗ್ಗೆ ನುಸ್ರತಳನ್ನು ಕಾಡಿದ ಚಿಂತೆ. ಸುಳ್ಳು ಎಂದರೆ ಬಾಯಿಂದ ಹೊರಗೆ ಬರಬೇಕು. ಇದು ಬಾಯಿಗೇ ಬಾರದೆ ಒಳಗೆ ಉಳಿದದ್ದು. ಹಾಗಾಗಿ ಅರ್ಧ ಪಾಪ ಎಂದು ತನ್ನಷ್ಟಕ್ಕೇ ತೀರ್ಪು ಕೊಟ್ಟುಕೊಂಡು, ಆ ಹಾಳೆಯನ್ನು ಮಡಚಿ, ನಿನ್ನೆಯ ಬಂಗುಡೆಯ ಮುಳ್ಳು ಕಟ್ಟಿ ಹಿತ್ತಿಲಿಗೆ ಎಸೆದಳು.

ಅವಳು ಬಾಪಾ ಎನ್ನುವ ತಂದೆ ಅಲಿಯವರಿಗೆ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಕಾಪುವಿನ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬಸ್ಸು ಬರುವುದು ತಡ ಎಂದು ಗೊತ್ತಿದ್ದೂ ಕಾಯುವವರ ಹಾಗೆ ಕೂತಿದ್ದರು. ಅವರ ಪೇಪರ್ ಓದುವುದು, ಫೋನಿಗೆ ಬಂದ ಮೆಸೇಜು ಓದುವುದು, ಅವರು ಹೇಳಿದ್ದನ್ನು ಟೈಪ್ ಮಾಡಿ ಕಳಿಸುವುದು ಎಲ್ಲ ನುಸ್ರತಳ ಕೆಲಸ. ಬಿ.ಕಾಂ. ಮುಗಿಸಿ ಎರಡು ವರ್ಷವಾದರೂ ಸಂದರ್ಶನದಲ್ಲಿ ತನ್ನ ಹೆಸರು ಹೇಳಲು ಎರಡು ಗುಟುಕು ನೀರು ಬೇಕಾಗುವ ಹುಡುಗಿ ಅವಳು. ಆಡಬೇಕಾದ ಮಾತನ್ನೆಲ್ಲ ಡೈರಿಗೆ ಹೇಳಿ ಮುಗಿಸುತ್ತಿದ್ದಳು. ಓದಿ ಹೇಳುವುದಾದರೆ ಪರವಾಗಿಲ್ಲ, ಅದು ಬೇರೆಯವರ ಮಾತು.

ಹಾರಿಸಿದ ಸುದ್ದಿ ಇಷ್ಟೇ: ಐವತ್ತು ವರ್ಷ ದಾಟಿದ ಹಳೆಯ ಕಾರುಗಳನ್ನು ವಿದೇಶದಿಂದ ತರುವ ನಿಯಮವನ್ನು ಸರ್ಕಾರ ಸಡಿಲಿಸಿದೆ.

ಬೇರೆ ಮನೆಯಲ್ಲಾದರೆ ಇಂಥ ಸುದ್ದಿಯ ಮೇಲೆ ಚಹಾದ ಲೋಟ ಇಟ್ಟು ಮರೆಯುತ್ತಿದ್ದರು. ಇಲ್ಲಿ ಹಾಗಲ್ಲ. ಬಾಪಾ ಮೂವತ್ತು ವರ್ಷ ಬಹರೈನಿನಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಡ್ರೈವರಾಗಿದ್ದವರು. ಊರಿಗೆ ಬರುವಾಗ ಅರಬಿ ಅವರಿಗೆ ಒಂದು ಕಾರು ಕೊಟ್ಟಿದ್ದನಂತೆ. ಎಳೆ ಬೆಂಡೆಕಾಯಿ ಬಣ್ಣದ್ದು, ಎಪ್ಪತ್ತನಾಲ್ಕನೇ ಇಸವಿಯದ್ದು. ಅದನ್ನು ಅಲ್ಲಿ ಗ್ಯಾರೇಜು ಇಟ್ಟಿರುವ ಕಾರ್ಕಳದ ಗೆಳೆಯ ಲಿಯೋನೆಲ್ ನೋಡಿಕೊಳ್ಳುತ್ತಿದ್ದಾನಂತೆ. "ತಂದೇ ಬಿಡ್ತಿದ್ದೆ, ಸರ್ಕಾರ ಬಿಡಬೇಕಲ್ಲ. ಮೂರು ವರ್ಷಕ್ಕಿಂತ ಹಳೆಯದನ್ನು ತರ್ಲಿಕ್ಕಿಲ್ಲ" ಎಂದು ಬಾಪಾ ಹನ್ನೊಂದು ವರ್ಷ ಹೇಳಿದ್ದರು. ಹೇಳಿ ಹೇಳಿ ಅದು ಊರಿನ ಗಾದೆಯೇ ಆಗಿತ್ತು. ಮಗನ ಮದುವೆ ಯಾವಾಗ ಎಂದರೆ "ಅಲಿ ಬ್ಯಾರಿಯ ಕಾರು ಬಂದ ಮೇಲೆ" ಎನ್ನುವರು. ನಳ್ಳಿಯಲ್ಲಿ ನೀರು ಯಾವಾಗ? ಅದೇ ಉತ್ತರ. ಬಾಪಾನೂ ಜೊತೆಗೆ ನಗುತ್ತಿದ್ದರು.

ನುಸ್ರತ್ ಮಾತ್ರ ನಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಯಾವುದೋ ಅರ್ಜಿ ತುಂಬಿಸಲು ಬಾಪಾನ ಹಳೆಯ ಬಹರೈನ್ ಗುರುತುಚೀಟಿ ತೆಗೆದಾಗ, ಉದ್ಯೋಗದ ಜಾಗದಲ್ಲಿ 'ಕಾರು ತೊಳೆಯುವವ' ಎಂದಿತ್ತು. ಗೋಡೆಯ ಮೇಲಿದ್ದ ಫೋಟೊವನ್ನು ಅವತ್ತು ಮತ್ತೊಮ್ಮೆ ನೋಡಿದಳು. ಬಾಪಾ ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದಾರೆ, ಕೈಯಡಿಯಲ್ಲಿ ಬಟ್ಟೆಯ ತುಂಡು, ಚೌಕಟ್ಟಿನ ಅಂಚಿನಲ್ಲಿ ಅರ್ಧ ಬಾಲ್ದಿ. ಆ ರಾತ್ರಿ ಡೈರಿಯಲ್ಲಿ ಎರಡೇ ವಾಕ್ಯ ಬರೆದಳು: 'ಬಾಪಾ ಡ್ರೈವರ್ ಅಲ್ಲ. ಕಾರೂ ಇಲ್ಲ.'

ಆಮೇಲೆ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಬಾಪಾ ಜಗಲಿಯಲ್ಲಿ ಕೂತು, "ಲಿಯೋನೆಲ್, ತೊಳೆದೆಯಾ? ಕಾರು ತೆಗಿ ಅಂತ ಮುನ್ಸಿಪಾಲಿಟಿಯವರು ಪುನಃ ನೋಟಿಸು ಅಂಟಿಸಿದ್ರಾ? ಇನ್ನು ಸ್ವಲ್ಪ ತಾಳು ಮಾರಾಯ" ಎಂದು ಫೋನಿನಲ್ಲಿ ಜೋರಾಗಿ ಹೇಳುವಾಗ ಅವಳು ಒಳಗೆ ಹೋಗಿಬಿಡುತ್ತಿದ್ದಳು. ಊರಿಗೆ ಕೇಳಲೆಂದು ಆಡುವ ನಾಟಕವನ್ನು ಮಗಳು ಕೂತು ನೋಡಬಾರದು.

ಸರ್ಕಾರದ ಆ ನಿಯಮ ಬಾಪಾನ ಮಾನಕ್ಕೆ ಹಿಡಿದ ಕೊಡೆಯಾಗಿತ್ತು. ಇವತ್ತು ಸರ್ಕಾರವೇ ಅದನ್ನು ಕಿತ್ತುಕೊಂಡಿತ್ತು.

ಮುಳ್ಳು ಕಟ್ಟಿದ ಹಾಳೆ ಬೆಕ್ಕಿನ ಬಾಯಿಗೆ ಸಿಗುವ ಮೊದಲೇ ನೆರೆಮನೆಯ ಕೂಸಪ್ಪಣ್ಣ ಅದೇ ಸುದ್ದಿಯ ಇನ್ನೊಂದು ಪ್ರತಿಯನ್ನು ಬಾವುಟದಂತೆ ಹಿಡಿದುಕೊಂಡು ಬಂದ. ಮಲ್ಪೆಯಿಂದ ಮೀನು ತಂದು ಮಾರುವ ಕೂಸಪ್ಪಣ್ಣನ ಸ್ವರ ಹರಾಜಿನಲ್ಲೇ ಪಳಗಿದ್ದು.

"ಬ್ಯಾರಿಗಳೇ! ಪೇಪರ್ ನೋಡಿದ್ರಾ? ನಿಮ್ಮ ಕಾರಿಗೆ ದಾರಿ ಆಯ್ತಲ್ಲ ಮಾರಾಯ್ರೇ!"

"ಎಂತ ದಾರಿ? ನುಸ್ರತ್ ಓದಿದ್ಳು. ಅಂಥದ್ದೇನೂ ಇರ್ಲಿಲ್ಲ" ಎಂದರು ಬಾಪಾ.

"ಅವಳು ಚಿನ್ನದ ರೇಟು ಓದಿರ್ಬೇಕು. ನಾನು ಓದ್ತೇನೆ, ಕೇಳಿ."

ಕೂಸಪ್ಪಣ್ಣ ಓದಿದ. ಓದಿದ್ದು ಜಗಲಿಗಿಂತ ಹೆಚ್ಚು ರಸ್ತೆಗೆ ಕೇಳಿಸಿತು. ಎದುರುಮನೆಯ ಶಾರ್ಲೆಟ್ ಬಾಯಿ ಅರ್ಧ ಕಲಸಿದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಬಾಪಾನ ಮುಖ ಬಿಳಿಚಿಕೊಂಡಿತು. "ಇನ್ನೊಂದು ಸಲ ಓದು ಕೂಸಪ್ಪ" ಎಂದರು. ಎರಡನೆಯ ಸಲ ಕೇಳಿ, "ಐಸಮ್ಮಾ, ನನ್ನ ಬಿಳಿ ಅಂಗಿ ತೆಗೆ" ಎಂದು ಹೆಂಡತಿಯನ್ನು ಕೂಗಿದರು. ನೇಣಿಗೆ ಹೋಗುವವನು ಕೂಡ ಕೊನೆಗೆ ಒಳ್ಳೆಯ ಅಂಗಿ ಕೇಳುತ್ತಾನೆಂದು ಎಲ್ಲೋ ಓದಿದ್ದು ನುಸ್ರತಳಿಗೆ ನೆನಪಾಯಿತು.

"ಜನವರಿಯಲ್ಲಿ ನಮ್ಮ ಹುಡುಗಿಯ ಮದುವೆ. ಇಗರ್ಜಿಗೆ ಆ ಕಾರಲ್ಲೇ ಹೋಗುವುದು, ಬೇರೆ ಮಾತಿಲ್ಲ" ಎಂದಳು ಶಾರ್ಲೆಟ್ ಬಾಯಿ.

"ಮೊದಲು ಕಾರು ಒಳಗೆ ಬರ್ಬೇಕಲ್ಲ ಬಾಯಿ?" ಎಂದ ಕೂಸಪ್ಪಣ್ಣ. "ಅರಬಿಯ ಕಾರು ಅಂದ್ರೆ ದೋಣಿಯಷ್ಟು ಅಗಲ. ಈ ಗೇಟಿನ ಕಂಬ ತೆಗಿಬೇಕು. ಅದು ನಾನು ತೆಗೆಸ್ತೇನೆ. ಕಚೇರಿ ಕೆಲಸಕ್ಕೆ ಓದಿದವರು ಬೇಕು. ನಡಿ ನುಸ್ರತ್, ಮಣಿಪಾಲದ ಆರ್‌ಟಿಒಗೆ ಹೋಗಿ ಕೇಳಿ ಬರುವ."

ನುಸ್ರತ್ ಬಾಪಾನ ಕಡೆ ನೋಡಿದಳು. ಬೇಡ ಎನ್ನಲಿ ಎಂದು ಕಾದಳು. ಬಾಪಾ ಜೇಬಿನಿಂದ ತಮ್ಮ ಫೋನು ತೆಗೆದು ಅವಳ ಕೈಗಿಟ್ಟರು. "ಲಿಯೋನೆಲ್‌ನ ನಂಬರ್ ಇದರಲ್ಲೇ ಉಂಟು. ಎಂತಾದ್ರೂ ಬೇಕಾದ್ರೆ ಕೇಳು, ಮಗಳೇ." ನನ್ನನ್ನು ಪಾರು ಮಾಡು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ತಂದೆ ಹೇಳಿಯಾನು ಎಂದುಕೊಂಡಳು.

ಬೆಳಗಿನ ಮೀನು ಇಳಿಸಿ ಬಂದಿದ್ದ ಕೂಸಪ್ಪಣ್ಣನ ಓಮ್ನಿ ವ್ಯಾನಿನಲ್ಲಿ ಸವಾರಿ ಹೊರಟಿತು. ಮುಂದೆ ಶಾರ್ಲೆಟ್ ಬಾಯಿ, ಹಿಂದೆ ನಾಲ್ಕು ಖಾಲಿ ಮೀನಿನ ಪೆಟ್ಟಿಗೆಗಳ ನಡುವೆ ಐದನೆಯ ಪೆಟ್ಟಿಗೆಯಂತೆ ನುಸ್ರತ್. ಉದ್ಯಾವರದ ಸೇತುವೆ ದಾಟುವವರೆಗೂ ಅವಳು ದುವಾ ಮಾಡಿದಳು. ಅಲ್ಲಾಹನೇ, ಸರ್ವರ್ ಡೌನ್ ಇರಲಿ. ಇಲ್ಲವಾದರೆ ಸಾಹೇಬರು ರಜೆಯಲ್ಲಿರಲಿ. ಅದೂ ಆಗದಿದ್ದರೆ ನಾಳೆ ಬನ್ನಿ ಎನ್ನಲಿ.

ಸರ್ವರ್ ಸರಿಯಿತ್ತು. ಸಾಹೇಬರು ಕುರ್ಚಿಯಲ್ಲಿದ್ದರು. ಹೊಸದಾಗಿ ವರ್ಗವಾಗಿ ಬಂದಿದ್ದ ತರುಣ. ಹಳೆಯ ಕಾರು ಎಂದದ್ದೇ ತಡ, ಮಾವನ ಮನೆಯವರು ಬಂದ ಹಾಗೆ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ಎಪ್ಪತ್ತನಾಲ್ಕರ ಮಾಡೆಲ್ಲಾ? ತರಿಸುವುದು ಕಸ್ಟಮ್ಸಿನವರ ಬಾಬತ್ತು. ಬಂದ ಮೇಲೆ ನೋಂದಣಿ ನಮ್ಮದು. ಎಲ್ಲ ನಾನು ಬರೆದು ಕೊಡ್ತೇನೆ."

ನುಸ್ರತ್ ಹಣೆಯ ಬೆವರು ಒರೆಸಿಕೊಂಡು, ಹುಡುಕಿ ಹುಡುಕಿ ಒಂದು ಅಡ್ಡಿ ತೆಗೆದಳು. "ಸರ್, ಅದರ ಸ್ಟೀರಿಂಗ್ ಎಡಕ್ಕೆ ಉಂಟು."

"ಹಳೆ ಗಾಡಿ ಇದ್ದ ಹಾಗೇ ಇದ್ರೆ ಚಂದ. ಅದನ್ನು ನಾನು ವಿಚಾರಿಸ್ತೇನೆ. ಆದ್ರೆ ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ, ನೋಡಿ. ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ."

ಅವಳಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಬೇಡ ಸರ್..."

"ಓಡಿಸುವುದು ಯಾರಿಗೆ ಬೇಕು ಸಾರ್?" ಕೂಸಪ್ಪಣ್ಣ ನಡುವೆ ಹಾರಿದ. "ನಿಲ್ಲಿಸಿದ್ರೆ ಸಾಕು. ಊರಿಗೆ ಕಾಣ್ಬೇಕು, ಅಷ್ಟೇ."

"ಇಗರ್ಜಿಗೆ ಒಂದ್ಸಲ ಹೋಗ್ಬಹುದಲ್ಲ ಸರ್? ಅದೂ ಒಂದು ಪ್ರದರ್ಶನವೇ ಅಲ್ವಾ?" ಎಂದಳು ಶಾರ್ಲೆಟ್ ಬಾಯಿ.

ಸಾಹೇಬರು ನಕ್ಕು ಚಹಾ ತರಿಸಿದರು. ಚಹಾ! ಸರ್ಕಾರಿ ಮೇಜಿನ ಮೇಲೆ ತನ್ನ ಪಾಲಿಗೆ ಬಂದ ಮೊದಲ ಲೋಟವನ್ನು ನುಸ್ರತ್ ವಿಷದಂತೆ ಕುಡಿದಳು. ಕೊನೆಗೆ ಅವರು ಹೇಳಿದ್ದು ಒಂದೇ: "ಮುಖ್ಯವಾಗಿ ಅಲ್ಲಿಯ ಮೂಲ ಪತ್ರ ಬೇಕು. ಕಾರು ನಿಮ್ಮ ತಂದೆಯ ಹೆಸರಲ್ಲಿ ಉಂಟು ಅಂತ ತೋರಿಸುವಂಥದ್ದು."

ಇಲ್ಲದ ಕಾರಿಗೆ ಪತ್ರ ಎಲ್ಲಿಂದ ಬರಬೇಕು? ಸಂಜೆ ಇಡೀ ಊರಿನ ಎದುರು ಬಾಪಾ ಆ ಬಿಳಿ ಅಂಗಿಯಲ್ಲಿ ತಲೆತಗ್ಗಿಸಿ ಕೂರುವುದು ಅವಳ ಕಣ್ಣಿಗೆ ಕಟ್ಟಿತು.

ಮರಳುವಾಗ ಉಡುಪಿಯಲ್ಲಿ ಕೂಸಪ್ಪಣ್ಣ, "ಇಷ್ಟು ಒಳ್ಳೆ ಸುದ್ದಿಗೆ ಗೋಳಿಬಜೆ ತಿನ್ನದಿದ್ರೆ ಹೇಗೆ?" ಎಂದು ಓಮ್ನಿ ನಿಲ್ಲಿಸಿ ಶಾರ್ಲೆಟ್ ಬಾಯಿಯ ಜೊತೆ ಹೋಟೆಲಿಗೆ ನುಗ್ಗಿದ. ಹಸಿವಿಲ್ಲ ಎಂದು ನುಸ್ರತ್ ಪೆಟ್ಟಿಗೆಗಳ ನಡುವೆಯೇ ಉಳಿದಳು. ಕೈಯಲ್ಲಿ ಬಾಪಾನ ಫೋನಿತ್ತು.

ಉಪಾಯ ಆಗ ಹೊಳೆಯಿತು. ಕಾರು ಇರಲೇ ಇಲ್ಲ ಎನ್ನುವುದಕ್ಕಿಂತ, ಇತ್ತು, ಹೋಯಿತು ಎನ್ನುವುದು ಎಷ್ಟು ಗೌರವದ್ದು! ಆದರೆ ಲಿಯೋನೆಲ್ ಅಂಕಲ್‌ಗೆ ಫೋನು ಮಾಡಿ, 'ಬಾಪಾ ಸುಳ್ಳು ಹೇಳಿದ್ದಾರೆ, ನೀವೂ ಒಂದು ಸುಳ್ಳು ಹೇಳಿ' ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಷ್ಟು ವರ್ಷ ನಾಟಕಕ್ಕೆ ಜೊತೆಕೊಟ್ಟ ಗೆಳೆಯನ ಎದುರೂ ಬಾಪಾನ ಮಾನ ಹೋಗಬಾರದು. ಅವಳು ಕಾರು ಇದೆ ಎನ್ನುವ ಹಾಗೆಯೇ, ಬಾಪಾನೇ ಹೇಳಿದ ಹಾಗೆ, ಮರ್ಯಾದೆಯಿಂದ ಬರೆದಳು:

'ಲಿಯೋನೆಲ್, ಕಾರು ಊರಿಗೆ ತರುವುದು ಬೇಡ ಎಂದು ನಿಶ್ಚಯಿಸಿದ್ದೇನೆ. ಇವತ್ತೇ ಗುಜರಿಗೆ ಕೊಟ್ಟುಬಿಡು. ಫೋನು ಮಾಡಬೇಡ, ಮನೆಯಲ್ಲಿ ಜನ ಇದ್ದಾರೆ. ಮಾತಾಡಲು ಕಷ್ಟ.'

ಕೊಟ್ಟೆ ಎಂದು ಅವರ ಉತ್ತರ ಬಂದರೆ ಊರಿನ ಎದುರು ಓದಿ ಹೇಳಿದರಾಯಿತು. ಇಲ್ಲದ ಕಾರನ್ನು ಗುಜರಿಗೆ ಹಾಕಿದರೆ ಯಾರಿಗೆ ನಷ್ಟ?

ತುಂಬ ಹೊತ್ತಾದ ಮೇಲೆ ಒಂದೇ ಪದ ಬಂತು: 'ಆಯ್ತು.' ಎಂಥ ತಿಳಿವಳಿಕೆಯ ಮನುಷ್ಯ ಎಂದು ಅವಳಿಗೆ ಕಣ್ಣು ತುಂಬಿತು. ಹೆಚ್ಚು ಪ್ರಶ್ನೆಯೇ ಇಲ್ಲ.

ಕಾಪು ಮುಟ್ಟುವಾಗ ಬಿಸಿಲು ಇಳಿದಿತ್ತು. ಗೇಟಿನ ಕಂಬಗಳೆರಡೂ ಉರುಳಿದ್ದವು. ಕೂಸಪ್ಪಣ್ಣ ಹೇಳಿ ಹೋಗಿದ್ದ ಜನ ಹುಮ್ಮಸ್ಸಿನಲ್ಲಿ ಪಾಗಾರದ ಗೋಡೆಯನ್ನೂ ನಾಲ್ಕು ಅಡಿ ಕೆಡವಿದ್ದರು. ಅಂಗಳದಲ್ಲಿ ಉಮ್ಮ ಐಸಮ್ಮ ಮಣ್ಣಿನ ಕೈಯಲ್ಲಿ ನಿಂತಿದ್ದಳು. ದಿನಾ ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟಿ ಕೊಡುತ್ತಿದ್ದ ಮಲ್ಲಿಗೆಯ ಆರು ಗಿಡಗಳನ್ನು ತಾನೇ ಕಿತ್ತು ಬದಿಗೆ ಹಾಕಿದ್ದಳು.

"ಉಮ್ಮಾ, ಗಿಡ ಯಾಕೆ ಕಿತ್ತದ್ದು?"

"ಕಾರಿಗೆ ನೆರಳಿನ ಜಾಗ ಇದೊಂದೇ ಅಲ್ವಾ ಮಗಳೇ? ಗಿಡ ಇನ್ನೊಂದು ನೆಡ್ಬಹುದು. ನಿನ್ನ ಬಾಪಾನನ್ನು ಊರು ಹನ್ನೊಂದು ವರ್ಷ ನಗಾಡಿದ್ದು ಸಾಕು."

ಜಗಲಿ ತುಂಬಿತ್ತು. ಬಿಳಿ ಅಂಗಿಯ ಬಾಪಾ ನಡುವೆ ಕೂತಿದ್ದರು. ಕೂಸಪ್ಪಣ್ಣ ವರದಿ ಒಪ್ಪಿಸಿದ: ಎಲ್ಲ ಸಲೀಸು, ಬೇಕಾದ್ದು ಒಂದು ಮೂಲ ಪತ್ರ ಮಾತ್ರ.

ಬಾಪಾ ತಡವರಿಸುವ ಮೊದಲು ಮಾತು ತೆಗೆಯಬೇಕೆಂದು ನುಸ್ರತ್ ಜಗಲಿಯ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಬಾಪಾ ಹೇಳಿದರು, "ಉಂಟಲ್ಲ. ಐಸಮ್ಮಾ, ಆ ಹಾಲಿನ ಪುಡಿಯ ಡಬ್ಬ ತಾ."

ಡಬ್ಬದೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ ಮಡಚಿದ ಒಂದು ಕಾಗದ. ಹಸಿರು ಮೊಹರು, ತುಂಬ ಅರಬಿ ಅಕ್ಷರ. ಕೂಸಪ್ಪಣ್ಣ ಅದನ್ನು ಬುಡಮೇಲಾಗಿ ಹಿಡಿದು ನೋಡಿ ನುಸ್ರತಳಿಗೆ ಕೊಟ್ಟ. "ಮದ್ರಸದಲ್ಲಿ ಕಲಿತವಳು ನೀನು. ಓದು ನೋಡುವ."

ಅರ್ಥ ಗೊತ್ತಿಲ್ಲದಿದ್ದರೂ ಅಕ್ಷರ ಕೂಡಿಸಿ ಓದಲು ಅವಳಿಗೆ ಬರುತ್ತಿತ್ತು. ಬೆರಳಿಟ್ಟು ಮಗುವಿನ ಹಾಗೆ ಒಂದೊಂದೇ ಓದಿದಳು. ಮೂರನೆಯ ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿದ್ದದ್ದು ಅಲಿ ಎಂಬ ಹೆಸರು. ಪಕ್ಕದಲ್ಲಿ ಅಜ್ಜನ ಹೆಸರು. ಕೆಳಗೆ ಅರಬಿ ಅಂಕಿಯಲ್ಲಿ ೧೯೭೪.

"ನಿಜ ಹೇಳ್ಬೇಕಾದ್ರೆ," ಬಾಪಾ ಸಣ್ಣ ಸ್ವರದಲ್ಲಿ ಹೇಳುತ್ತಿದ್ದರು, "ನಾನು ಅಲ್ಲಿ ಡ್ರೈವರ್ ಅಲ್ಲ. ತೊಳೆಯುವವ. ನಾಚಿಕೆಗೆ ಹೇಳ್ಲಿಲ್ಲ. ಮೂವತ್ತು ವರ್ಷ ದಿನಾ ಅದನ್ನು ತೊಳೆದೆ. ಮುದುಕ ಸಾಯುವ ಮೊದಲು ಮಕ್ಕಳನ್ನು ಕರೆದು, ಇದನ್ನು ನನಗಿಂತ ಜಾಸ್ತಿ ಮುಟ್ಟಿದವನು ಇವನು, ಇವನ ಹೆಸರಿಗೆ ಮಾಡಿ ಅಂದ. ಅದು ಬಂದು ಅಂಗಳದಲ್ಲಿ ನಿಂತ ದಿನ ಈ ಮಾತು ಹೇಳುವ ಅಂತ ಇದ್ದೆ."

ಯಾರೂ ನಗಲಿಲ್ಲ. ಕೂಸಪ್ಪಣ್ಣ ಮೂಗು ಒರೆಸಿಕೊಂಡ.

ನುಸ್ರತಳ ಕೈಯಲ್ಲಿ ಬಾಪಾನ ಫೋನು ಎರಡು ಸಲ ನಡುಗಿತು. ಎರಡು ಫೋಟೊ. ಮೊದಲನೆಯದರಲ್ಲಿ ಲಾರಿಯ ಮೇಲೆ ಎಳೆ ಬೆಂಡೆಕಾಯಿ ಬಣ್ಣದ ಕಾರು, ಮೈತುಂಬ ನೀರಿನ ಹನಿ. ಎರಡನೆಯದರಲ್ಲಿ ಅದೇ ಬಣ್ಣದ, ಹಾಸಿಗೆ ಮಡಚಿಟ್ಟಷ್ಟು ದೊಡ್ಡ ಒಂದು ತಗಡಿನ ಗಂಟು. ಕೆಳಗೆ ಬರೆದಿತ್ತು:

'ನೀನು ಹೇಳಿದ ಹಾಗೆ ಮಾಡಿದೆ ಅಲಿ. ಗುಜರಿಯವರ ಲಾರಿ ಇವತ್ತೇ ಈ ಕಡೆ ಬಂದಿತ್ತು. ಹೋಗುವ ಮೊದಲು ಒಮ್ಮೆ ತೊಳೆದೆ.'

"ಲಿಯೋನೆಲ್ ಅಲ್ವಾ?" ಬಾಪಾ ಸದ್ದಿನ ಕಡೆ ಮುಖ ತಿರುಗಿಸಿದರು. ಕಪ್ಪು ಕನ್ನಡಕದ ಕೆಳಗೆ ತುಟಿ ನಗುತ್ತಿತ್ತು. "ಎಂತ ಬರೆದಿದ್ದಾನೆ? ಓದು ಮಗಳೇ."

ಹಾರಿಸಬಹುದಿತ್ತು, ಬೆಳಿಗ್ಗೆ ಹಾರಿಸಿದ ಹಾಗೆಯೇ. ಕನ್ನಡಕ ತೆಗೆಯಲು ಇನ್ನೂ ಹತ್ತು ದಿನವಿತ್ತು. ಅಷ್ಟರಲ್ಲಿ ಏನಾದರೊಂದು ಹೊಂದಿಸಬಹುದಿತ್ತು. ಕಂಬವಿಲ್ಲದ ಗೇಟು, ಬೇರು ಮೇಲಾದ ಮಲ್ಲಿಗೆ, ಉಮ್ಮನ ಮಣ್ಣಿನ ಕೈ, ಎಲ್ಲವೂ ಅವಳ ಬಾಯಿಯನ್ನೇ ನೋಡುತ್ತಿದ್ದವು.

ನುಸ್ರತ್ ಫೋನನ್ನು ನೆಲದ ಮೇಲೆ ಕವುಚಿಟ್ಟಳು. ಬಾಪಾನ ಕುರ್ಚಿಯ ಬಳಿ ಕೂತು, ಬಟ್ಟೆ ಹಿಡಿದು ಹಿಡಿದು ಗಂಟುಗಟ್ಟಿದ್ದ ಆ ಬೆರಳುಗಳನ್ನು ಹಿಡಿದುಕೊಂಡಳು. ಕುಡಿಯಲು ನೀರು ಬೇಕೆನಿಸಲಿಲ್ಲ.

"ಬಾಪಾ," ಎಂದಳು. ಅವಳ ಸ್ವರ ರಸ್ತೆಯವರೆಗೂ ಕೇಳಿಸಿತು. "ಕಾರನ್ನು ಗುಜರಿಗೆ ಹಾಕಿಸಿದ್ದು ನಾನು. ನಿಮಗೊಂದು ಕಾರು ಉಂಟು ಅಂತ ನಾಲ್ಕು ವರ್ಷದಿಂದ ನಾನು ಒಂದು ದಿನವೂ ನಂಬಿರಲಿಲ್ಲ."