ಅಕ್ಕಿ ಮುಡಿಯೂ ನನ್ನ ಹೊಟ್ಟೆಯೂ

ಜೀವಕೋಶದ ಪಾಠವನ್ನು ನನ್ನಷ್ಟು ಸುಲಭವಾಗಿ ಹೇಳುವ ಮಾಸ್ಟ್ರು ಕಾರ್ಕಳದಲ್ಲೇ ಇಲ್ಲ. ಇದನ್ನು ನಾನೇ ಹೇಳುತ್ತಿದ್ದೇನೆ. ಬೇರೆಯವರು ಹೇಳಲಿ ಎಂದು ಕಾದು ಸಾಕಾಯಿತು!

ಹಾಗಾಗಿ ಹೆಂಡತಿ ಸುಮತಿಯ ತವರು ಇನ್ನಂಜೆಯ ಕೆಸರುಗದ್ದೆ ಆಟೋಟಕ್ಕೆ ಮುಖ್ಯ ಅತಿಥಿಯಾಗಿ ಕರೆದಾಗ ನನಗೆ ಆಶ್ಚರ್ಯವಾಗಲಿಲ್ಲ. ಊರಿಗೆ ಮೊಬೈಲು ಆಗಷ್ಟೇ ಕಾಲಿಟ್ಟಿದ್ದ ಕಾಲ. ಜನ ಇನ್ನೂ ಭಾಷಣ ಕೇಳುತ್ತಿದ್ದರು. ಮೈಕು ಹಿಡಿದೆ.

"ಅಟ್ಟದಲ್ಲಿ ಬೈಹುಲ್ಲು ಸುತ್ತಿ ಕಟ್ಟಿಟ್ಟ ಅಕ್ಕಿ ಮುಡಿ ಉಂಟು. ಹಸಿವಾದರೆ ಮುಡಿಯನ್ನೇ ಕಚ್ಚುತ್ತೀರಾ? ಇಲ್ಲ. ಮುಡಿ ಬಿಚ್ಚಬೇಕು, ಗಂಜಿ ಬೇಯಿಸಬೇಕು, ಬಟ್ಟಲಿಗೆ ಬಡಿಸಬೇಕು. ಜೀವಕೋಶದ್ದೂ ಅದೇ ಕಥೆ. ಮೈಯ ಕೊಬ್ಬು ಅಂದರೆ ಅಕ್ಕಿ ಮುಡಿ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಂದರೆ ಬಟ್ಟಲಿನ ಗಂಜಿ. ಕೆಲಸಕ್ಕೆ ಒದಗುವುದು ಬಟ್ಟಲಿನದ್ದು ಮಾತ್ರ. ಅದು ಕ್ಷಣದಲ್ಲಿ ಖಾಲಿ; ಕೋಶ ಮತ್ತೆ ಮತ್ತೆ ಬಡಿಸುತ್ತಿರಬೇಕು!"

ಅಜ್ಜಿಯಂದಿರೂ ತಲೆದೂಗಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಚಪ್ಪಾಳೆ ತಲೆಗೇರಿತು. ಹೊಟ್ಟೆ ತಟ್ಟಿಕೊಂಡು, "ಇಲ್ಲಿ ಮುಡಿಗೆ ಬರ ಇಲ್ಲ. ಭಾಷಣದ ಗಡಿಬಿಡಿಯಲ್ಲಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಆದರೂ ಹಗ್ಗಜಗ್ಗಾಟದಲ್ಲಿ ಹಗ್ಗ ಎಳೆದು ತೋರಿಸುತ್ತೇನೆ!" ಎಂದು ಘೋಷಿಸಿಬಿಟ್ಟೆ.

ಸುಮತಿ ಅಂಗಿ ಹಿಡಿದೆಳೆದಳು. "ನಿಮಗೆ ಮಂಡೆ ಸಮ ಉಂಟಾ? ಅಣ್ಣನ ತಂಡ ಪ್ರತಿ ವರ್ಷ ಸೋಲುವುದು. ಈ ಸಲ ಆದರೂ ಗೆಲ್ಲಲಿ ಮಾರಾಯ್ರೆ!"

"ಅದಕ್ಕೇ ನಾನು ಇಳಿಯುವುದು!" ಎಂದೆ.

ಮುಖ್ಯ ಅತಿಥಿಗೆ ಬೇಡ ಎನ್ನಲಾದೀತೇ? ಅವಳ ಅಣ್ಣ ಅಶೋಕ ನನ್ನ ಗಾತ್ರ ನೋಡಿ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿದ. "ಎಳೆಯುವುದೆಲ್ಲ ಬೇಡ ಭಾವ. ಕಂಬದ ಹಾಗೆ ನಿಂತರೆ ಸಾಕು."

ಸೀಟಿ ಊದಿದರು. ಎಳೆದೆ. ಬಟ್ಟಲು ಖಾಲಿಯಾಯಿತು. ಮುಡಿ ಬಿಚ್ಚಿಕೊಳ್ಳಲಿಲ್ಲ! ಕಣ್ಣು ಕತ್ತಲೆಗಟ್ಟಿ, ಕಂಬ ಮಗುಚಿ ಬಿತ್ತು. ಸೊಂಟದ ಹಗ್ಗ ಬಿಡಬೇಕಲ್ಲ? ಕಂಬಳದಲ್ಲಿ ಕೋಣಗಳು ಎಳೆಯುವ ಹಲಗೆಯಂತೆ ಗದ್ದೆಯುದ್ದಕ್ಕೂ ಹೋದೆ. ಅಶೋಕ ಭಾವನ ತಂಡವೂ ಹೋಯಿತು, ಗೆಲುವೂ ಹೋಯಿತು.

ಬದುವಿನ ಮೇಲಿಂದ ಇಡೀ ಊರು ಕೂಗುತ್ತಿತ್ತು: "ಮಾಸ್ಟ್ರೆ, ಮುಡಿ ಬಿಚ್ಚಿ! ಬೇಗ ಮುಡಿ ಬಿಚ್ಚಿ!"

ಕೆಸರು ಉಗುಳುತ್ತಿದ್ದರೂ ನನಗೆ ಹೆಮ್ಮೆಯೇ ಆಯಿತು. ಒಂದೇ ಪಾಠದಲ್ಲಿ ಒಬ್ಬರೂ ಬಾಕಿಯಿಲ್ಲದೆ ಎಲ್ಲರಿಗೂ ಅರ್ಥವಾದದ್ದು ನನ್ನ ವೃತ್ತಿಯಲ್ಲೇ ಮೊದಲು!

ಸುಮತಿ ನನ್ನೆದುರು ಗಂಜಿಯ ಬಟ್ಟಲು ಕುಕ್ಕಿದಳು. "ಮೊದಲು ಎಟಿಪಿ ಕುಡಿಯಿರಿ. ಅಣ್ಣನಿಗೆ ಎಂತ ಹೇಳುವುದು ಅಂತ ಆಮೇಲೆ ನೋಡುವ."

ಮುಂದಿನ ವರ್ಷ ಭಾವನ ತಂಡದಲ್ಲಿ ನಾನು ಇರಲೇಬೇಕೆಂದು ಮನೆಯವರೆಗೂ ಬಂದು ಕೈಮುಗಿದರು. ಭಾವ ಅಲ್ಲ, ಎದುರಿನ ತಂಡದವರು!