ಹದ್ದುಬಸ್ತಿನ ನಗು

ಹಲ್ಲು ಕಟ್ಟುವವನ ಅಂಗಡಿಗೆ ಯಾರೂ ನಗುನಗುತ್ತಾ ಬರುವುದಿಲ್ಲ. ಬಂದ ಮೇಲೆ ಮಾತ್ರ ಒಂದಲ್ಲ ಒಂದು ನಗೆಪಾಟಲು ಆಗಿಯೇ ಆಗುತ್ತದೆ. ದೇವರಾಜ ಮೊಹಲ್ಲಾದಲ್ಲಿ ಕೂತು ಊರಿನ ಬೊಚ್ಚು ಬಾಯಿಗಳನ್ನೆಲ್ಲ ನೋಡಿದವನು ನಾನು. ಆದರೂ ಚಾಮರಾಜಪುರದ ಆ ಮೋಜಣಿದಾರರನ್ನು ನೆನೆದರೆ ಈಗಲೂ ನಗು ಬರುತ್ತದೆ.

ಒಂದು

ಜಮೀನು ಅಳೆದು ಅಳೆದು ಪಿಂಚಣಿಗೆ ಬಂದವರು. ಬಾಯಲ್ಲಿ ಒಂದು ಹಲ್ಲಿಲ್ಲ. ಕರೆತಂದ ಹೆಂಡತಿ ಮೆಲ್ಲಗೆ, "ಮದುವೆಯಾದಾಗಿನಿಂದ ಇವರು ನಕ್ಕಿದ್ದು ನಾನು ಕಂಡಿಲ್ಲ. ನಕ್ಕರೆ ಚೆನ್ನಾಗಿ ಕಾಣೋ ಹಾಗೆ ಕಟ್ಟಿಕೊಡಿ. ಒಂದ್ಸಲ ನೋಡಿ ಕಣ್ಮುಚ್ತೀನಿ" ಅಂದರು.

ಮೋಜಣಿದಾರರ ಹಟವೇ ಬೇರೆ. "ಎಲ್ಲಾ ಹಲ್ಲೂ ಒಂದೇ ಅಳತೆ ಇರಬೇಕು."

"ಸ್ವಾಮಿ, ನಡುವಿನ ಎರಡು ಅಗಲ, ಪಕ್ಕದವು ಕೊಂಚ ಕಿರಿದು, ಕೋರೆಹಲ್ಲು ಅರ್ಧ ಮರೆ. ಹಾಗಿದ್ದರೇ ನಗು ಸಮತೂಕ. ಒಂದೇ ಅಳತೆ ಇಟ್ಟರೆ ಬೇಲಿ ಹಾಕಿದ ಹಾಗಿರುತ್ತೆ."

"ಬೇಲಿನೇ ಇರ್ಲಿ ಕಣ್ರೀ! ನಗು ಅನ್ನೋದು ಹದ್ದುಬಸ್ತಿನಲ್ಲಿರಬೇಕು."

ಅವರಿಗೆ ಹೂಂ ಅಂದೆ, ಕಟ್ಟಿದ್ದು ಹೆಂಡತಿ ಹೇಳಿದ ಹಾಗೆ. ಹಾಕಿಕೊಂಡು ಕನ್ನಡಿ ನೋಡಿ, "ಭೇಷ್! ಎಲ್ಲಾ ಒಂದೇ ಅಳತೆ" ಎಂದು ತಲೆದೂಗಿದರು. ಇವರು ಅಳೆದ ಜಮೀನಿನ ರೈತರನ್ನು ದೇವರೇ ಕಾಪಾಡಬೇಕು!

ಎರಡು

ದಂಪತಿ ಫೋಟೋ ತೆಗೆಸಲು ಹೋದರು. ಹಲ್ಲು ಜಾರಿದರೆ ಅಂತ ನನ್ನನ್ನೂ ಎಳಕೊಂಡು ಹೋದರು. "ಏನೂಂದ್ರೆ, ಒಂಚೂರು ಹಲ್ಲು ಕಾಣಲಿ" ಎಂದು ಆಕೆ ಗೋಗರೆದರು.

"ಅಮಲ್ದಾರರ ಮುಂದೇನೇ ಹಲ್ಲು ಕಿರಿದೋನಲ್ಲ ನಾನು. ಈ ಪೆಟ್ಟಿಗೆ ಮುಂದೆ ಕಿರೀಲಾ?"

ಫೋಟೋದವನು, "ಸ್ವಾಮಿ, ಮುಖ ಒಸಿ ಸಡಿಲ ಬುಡಿ" ಅಂದ. ಅವರು ಹಲ್ಲುಸೆಟ್ಟನ್ನೇ ಕಿತ್ತು ಕೋಟಿನ ಜೇಬಿಗೆ ಬಿಟ್ಟು, "ಈಗ ಎಲ್ಲಿಂದ ಕಿರಿಸ್ತೀಯೋ ಕಿರಿಸು" ಅಂದರು. ಪಟ ಬಂತು. ಹೆಂಡತಿಯದು ಅಳುಮುಖ, ಇವರದು ಹಳೇ ಬೊಚ್ಚುಬಾಯಿ.

ಮೂರು

ಮರುವರ್ಷ ಮೋಜಣಿದಾರರು ಹೋಗಿಬಿಟ್ಟರು. ಕಟ್ಟಿಸಿದ ಹಲ್ಲು ಚಿತೆಗೆ ಬರಕೂಡದು ಅಂದರು ಪುರೋಹಿತರು. ಬಾಯಿಗೆ ಕೈ ಹಾಕಲು ಯಾರಿಗೂ ಧೈರ್ಯವಿಲ್ಲ, ನನಗೆ ಹೇಳಿಕಳಿಸಿದರು. ಹೋಗಿ ನೋಡುತ್ತೇನೆ, ತುಟಿ ಸಡಿಲವಾಗಿ ಬಿರಿದಿದೆ. ನಡುವಿನ ಎರಡು, ಅತ್ತಿತ್ತ ಕಿರಿಯವು, ಆಚೆ ಕಂಡೂ ಕಾಣದ ಕೋರೆ. ಅಯ್ಯೋ, ಏನು ನಗು! ಅಳಲು ಬಂದ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

"ಯಜಮಾನರು ಸಂತೋಷವಾಗಿ ಹೋಗಿದ್ದಾರಮ್ಮ" ಅಂದರು ಪುರೋಹಿತರು.

"ಇರದೇ ಏನು? ನನ್ನ ಕಾಟ ತಪ್ಪಿತಲ್ಲ!" ಅಂದರು ಆಕೆ.

ಸಾವಿನ ಮನೆ ಅನ್ನುವುದನ್ನೂ ಮರೆತು ಎಲ್ಲರೂ ಗೊಳ್ಳೆಂದರು. ಅದೇ ಸಮಯವೆಂದು ನಾನು ಹಲ್ಲು ತೆಗೆಯಲು ಬಗ್ಗಿದೆ. ಆಕೆ ತಡೆದರು.

"ಒಂದ್ಗಳಿಗೆ ಇರ್ರೀ, ನಾನಿನ್ನೂ ನೋಡ್ತಾ ಇದೀನಿ."